ಏಳು ಮಂದಿ ಸಾಕು, ಆದರೆ ವರ್ಷವಿಡೀ ಬೇಕು

ರೋಹಿಣಿ ಮಳೆ ಹಿಡಿಯಿತೆಂದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳ ಸೀಮೆಯ ಎರಿ ಮೈದಾನಗಳಲ್ಲಿ ಚೆಂಡು ಉರುಳುವುದು ನಿಂತಂತೆಯೇ. ಹದ ಮಳೆಯೊಂದು ಬಿದ್ದರೆ ಸಾಕು, ಮಣ್ಣು ಅಂಗಾಲಿಗೆ ಮೆತ್ತಿಕೊಂಡು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಾಲು ಭಾರವಾಗುತ್ತದೆ. ಊರೊಳಗೆ ಕೂರಿಗೆ ಹೊರಬೀಳುತ್ತದೆ, ಹೆಸರು ಬಿತ್ತುವ ಗಡಿಬಿಡಿ ಶುರುವಾಗುತ್ತದೆ. ಬೇಸಿಗೆಯುದ್ದಕ್ಕೂ ಸಂಜೆ ಕೂಡಿ ಆಡಿದ ಹುಡುಗರಲ್ಲಿ ಕೆಲವರು ಹೊಲಕ್ಕೆ, ಕೆಲವರು ಹುಬ್ಬಳ್ಳಿಯ ಕೆಲಸಕ್ಕೆ, ಕೆಲವರು ಕಾಲೇಜಿನ ಪ್ರವೇಶಕ್ಕೆಂದು ಚದುರುತ್ತಾರೆ. ಗೋಲಿನ ಬಲೆ ಯಾರದೋ ಮನೆಯ ಅಟ್ಟ ಸೇರುತ್ತದೆ. ಚೆಂಡು ಯಾರ ಹತ್ತಿರ ಉಳಿಯಿತು ಎಂಬುದು ದೀಪಾವಳಿ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. "ಮುಂದಿನ ವರ್ಷ ನೋಡೂಣಂತ" ಎಂಬ ಮಾತಿನೊಂದಿಗೆ ಹಂಗಾಮು ಮುಗಿಯುತ್ತದೆ.

ಮುಂದಿನ ವರ್ಷ ಮತ್ತೆ ಮೊದಲಿನಿಂದ ಶುರು. ಮತ್ತೆ ಪಟ್ಟಿ ಎತ್ತಬೇಕು, ಮತ್ತೆ ಚೆಂಡು ತರಬೇಕು, ಯಾರು ಯಾವ ಜಾಗದಲ್ಲಿ ಆಡಬೇಕೆಂದು ಮತ್ತೆ ಜಗಳಾಡಬೇಕು. ಹೋದ ವರ್ಷ ಯಾಕೆ ಸೋತೆವು ಎಂಬುದು ಮರೆತುಹೋಗಿರುವುದರಿಂದ ಅದೇ ರೀತಿಯಲ್ಲಿ ಸೋಲುತ್ತೇವೆ. ನಮ್ಮ ಹಳ್ಳಿಗಳಲ್ಲಿ ತಂಡಗಳಿಗೆ ಬರವಿಲ್ಲ. ಕಪ್ಪೊಂದನ್ನು ಇಟ್ಟಿದ್ದಾರೆಂದು ಗೊತ್ತಾದರೆ ಎಂಟು ದಿನದಲ್ಲಿ ತಂಡ ಕೂಡಿಬಿಡುತ್ತದೆ. ಆದರೆ ಕಪ್ಪಿನ ಆಚೆಗೂ ಉಳಿಯುವ, ಒಂದು ಹಂಗಾಮಿನ ಪಾಠವನ್ನು ಮುಂದಿನದಕ್ಕೆ ದಾಟಿಸುವ ಕ್ಲಬ್ಬುಗಳು ಬಹಳ ಕಡಿಮೆ. ಹಂಗಾಮಿನ ಕೊನೆಗೆ ಕೂತು ಹಿಂದಿರುಗಿ ನೋಡುವ ಕೆಲಸವೇ ತಂಡವನ್ನು ಕ್ಲಬ್ಬಾಗಿಸುತ್ತದೆ ಎಂಬುದು ನನ್ನ ಬಲವಾದ ನಂಬಿಕೆ. ಅದನ್ನು ಹೇಗೆ ಮಾಡಬೇಕು, ನಮ್ಮ ಸೀಮೆಯಲ್ಲಿ ಅದಕ್ಕೆ ಏನು ಅನುಕೂಲವಿದೆ, ಏನು ಅಡ್ಡಿಯಿದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುವೆ.

ಒಂದು ಎಕರೆಯ ಪ್ರಶ್ನೆ

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಫುಟ್‌ಬಾಲ್ ಯಾಕೆ ಬೇರು ಬಿಟ್ಟಿಲ್ಲ ಎಂದು ಕೇಳಿದರೆ "ನಮ್ಮವರಿಗೆ ಅದರ ಹುಚ್ಚಿಲ್ಲ" ಎಂಬ ಉತ್ತರ ಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಮೊದಲ ಕಾರಣ ನೆಲ. ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ ಒಂದೂಕಾಲು ಗುಂಟೆಯ ಆಸುಪಾಸು. ವಾಲಿಬಾಲ್ ಅಂಕಣ 18 ಮೀಟರ್‌ಗೆ 9 ಮೀಟರ್. ಒಂದೂವರೆ ಗುಂಟೆಗಿಂತ ತುಸು ಹೆಚ್ಚು. ಶಾಲೆಯ ಮುಂದಿನ ಬಯಲು, ಗುಡಿಯ ಹಿಂದಿನ ಜಾಗ, ಸುಗ್ಗಿ ಮುಗಿದ ಮೇಲೆ ಖಾಲಿ ಬೀಳುವ ಕಣ, ಯಾವುದಾದರೂ ನಡೆಯುತ್ತದೆ. ಫುಟ್‌ಬಾಲಿನ ಲೆಕ್ಕವೇ ಬೇರೆ. ನಿಯಮ ಒಪ್ಪುವ ಅತಿ ಚಿಕ್ಕ ಮೈದಾನವೆಂದರೆ 90 ಮೀಟರ್ ಉದ್ದ, 45 ಮೀಟರ್ ಅಗಲ. ಗುಣಿಸಿದರೆ 4,050 ಚದರ ಮೀಟರ್, ಸರಿಯಾಗಿ ಒಂದು ಎಕರೆ. ಅಂತರರಾಷ್ಟ್ರೀಯ ಪಂದ್ಯಕ್ಕೆ ಬೇಕಾದ ಕನಿಷ್ಠ ಅಳತೆ 100 ಮೀಟರ್‌ಗೆ 64 ಮೀಟರ್. ಅದು ಒಂದು ಎಕರೆ ಇಪ್ಪತ್ಮೂರು ಗುಂಟೆಯಷ್ಟಾಗುತ್ತದೆ. ಊರಿಗೆ ಹತ್ತಿರದಲ್ಲಿ ಒಂದು ಎಕರೆ ಸಮತಟ್ಟಾದ ಜಾಗವನ್ನು ಬರೀ ಆಟಕ್ಕೆಂದು ಬಿಡುವುದು ಎಷ್ಟು ಕಷ್ಟವೆಂದು ರೈತನ ಮನೆಯಲ್ಲಿ ಹುಟ್ಟಿದವರಿಗೆ ವಿವರಿಸಬೇಕಿಲ್ಲ. ಇರುವ ಗಾಯರಾಣಕ್ಕೂ ಗಾಂವಠಾಣಾ ಜಾಗಕ್ಕೂ ಹತ್ತು ಕಣ್ಣು.

ಎರಡನೆಯ ಕಾರಣ ಆ ನೆಲದ ಗುಣ. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಸೀಳುತ್ತದೆ. ಯುಗಾದಿ ದಾಟಿದ ಮೇಲೆ ನವಲಗುಂದ ಕಡೆಯ ಯಾವುದಾದರೂ ಮೈದಾನಕ್ಕೆ ಹೋಗಿ ಬಗ್ಗಿ ನೋಡಿ. ಅಂಗೈ ಇಳಿಯುವಷ್ಟು ಅಗಲದ ಬಿರುಕುಗಳು ಒಂದಕ್ಕೊಂದು ಕೂಡಿ ನೆಲವನ್ನೆಲ್ಲ ಹೆಂಟೆ ಹೆಂಟೆಯಾಗಿ ಒಡೆದಿರುತ್ತವೆ. ಅಂಚುಗಳು ಕಲ್ಲಿನ ಹಾಗೆ ಗಟ್ಟಿ. ಚೆಂಡು ಆ ಅಂಚಿಗೆ ತಗುಲಿದರೆ ಯಾವ ದಿಕ್ಕಿಗೆ ಪುಟಿಯುತ್ತದೆಂದು ಹೇಳಲಾಗದು. ಹುಡುಗನೊಬ್ಬ ಓಡುತ್ತ ಓಡುತ್ತ ತಟ್ಟನೆ ತಿರುಗಿದಾಗ ಪಾದ ಬಿರುಕಿನಲ್ಲಿ ಉಳಿದು ದೇಹ ಮುಂದಕ್ಕೆ ಹೋಗುತ್ತದೆ. ಕಾಲು ಉಳುಕುವುದು ಹೀಗೆ. ಮನೆಯಲ್ಲಿ ಎಣ್ಣೆ ಹಚ್ಚಿ ನೀವಿ, ಎರಡು ದಿನ ಬಿಟ್ಟು ಮತ್ತೆ ಆಡಿಸುತ್ತಾರೆ. ಅದೇ ಕಾಲು ಮತ್ತೆ ಉಳುಕುತ್ತದೆ. ಒಳ್ಳೆಯ ಆಟಗಾರರು ಇಪ್ಪತ್ತೆರಡನೆಯ ವಯಸ್ಸಿಗೇ ಆಟ ಬಿಡುವುದರ ಹಿಂದೆ ಇಂಥ ಸರಿಯಾಗಿ ಮಾಯದ ಪೆಟ್ಟುಗಳ ಪಾಲು ದೊಡ್ಡದು.

ಕಲಘಟಗಿ ಕಡೆಗೆ ಹೋದರೆ ನೆಲ ಬದಲಾಗುತ್ತದೆ. ಅದು ಮಲೆನಾಡಿನ ಸೆರಗು. ಕೆಂಪು ಮಸಾರಿ ಮಣ್ಣು ಹೆಚ್ಚು, ಭತ್ತದ ಗದ್ದೆಗಳಿವೆ, ಮಳೆಯೂ ಜೋರು. ಆದರೆ ಮಸಾರಿ ನೆಲದಲ್ಲಿ ನೀರು ಬೇಗ ಬಸಿಯುತ್ತದೆ, ಬೇಸಿಗೆಯಲ್ಲಿ ಎರಿಯಷ್ಟು ಬಾಯಿ ಬಿಡುವುದಿಲ್ಲ. ಒಂದೇ ಜಿಲ್ಲೆಯೊಳಗೆ ಎರಡು ಬಗೆಯ ಮೈದಾನ ಇರುವುದನ್ನು ತೊಂದರೆ ಎಂದು ನೋಡಬೇಕಿಲ್ಲ, ಜಾಣತನದಿಂದ ಬಳಸಿಕೊಳ್ಳಬಹುದು. ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಒಂದೇ ಆಟಕ್ಕೆ ಮುಗಿಯುವ ಹಂಗಾಮು

ಹಿಂದಿರುಗಿ ನೋಡಬೇಕೆಂದರೆ ನೋಡುವುದಕ್ಕೆ ಏನಾದರೂ ಇರಬೇಕು. ನಮ್ಮ ಹಳ್ಳಿ ತಂಡಗಳ ದೊಡ್ಡ ಕೊರತೆ ಇಲ್ಲಿದೆ. ಜಾತ್ರೆಗೆ, ಜಯಂತಿಗೆ, ಯಾರದೋ ಸ್ಮರಣಾರ್ಥವಾಗಿ ನಡೆಯುವ ಪಂದ್ಯಾವಳಿಗಳೆಲ್ಲ ನಾಕೌಟ್ ಪದ್ಧತಿಯವು: ಸೋತವರು ಮನೆಗೆ. ಹದಿನಾರು ತಂಡ ಬಂದರೆ ಒಟ್ಟು 15 ಪಂದ್ಯ ನಡೆಯುತ್ತವೆ. ಅದರಲ್ಲಿ ಎಂಟು ತಂಡಗಳು ಒಂದೇ ಪಂದ್ಯ ಆಡಿ ಗಂಟುಮೂಟೆ ಕಟ್ಟುತ್ತವೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಟೆಂಪೋ ಬಾಡಿಗೆ ಕೊಟ್ಟು, ಪ್ರವೇಶ ಶುಲ್ಕ ಕಟ್ಟಿ ಬಂದ ಹುಡುಗರಿಗೆ ಒಂದೇ ಆಟ! ಆ ಒಂದು ಆಟದಲ್ಲಿ ಸೋತದ್ದು ಗೋಲ್‌ಕೀಪರನ ಕೈ ಜಾರಿದ್ದಕ್ಕೋ, ದಮ್ಮು ಸಾಲದ್ದಕ್ಕೋ, ಎದುರಾಳಿ ನಿಜವಾಗಿಯೂ ಬಲಿಷ್ಠರಾಗಿದ್ದಕ್ಕೋ ಎಂದು ತಿಳಿಯಲು ದಾರಿಯೇ ಇಲ್ಲ.

ಅದೇ 15 ಪಂದ್ಯಗಳನ್ನು ಬೇರೆ ರೀತಿ ಹಂಚಿ ನೋಡಿ. ಆರು ತಂಡಗಳು, ಪ್ರತಿಯೊಂದೂ ಉಳಿದ ಐದರೊಂದಿಗೆ ಒಮ್ಮೊಮ್ಮೆ ಆಡುವ ಲೀಗ್. ಒಟ್ಟು ಪಂದ್ಯ ಆಗಲೂ 15. ಆದರೆ ಪ್ರತಿ ತಂಡಕ್ಕೂ ಐದು ಆಟ ಸಿಗುತ್ತವೆ. ಒಂದು ಭಾನುವಾರಕ್ಕೆ ಮೂರು ಪಂದ್ಯದಂತೆ ಐದು ಭಾನುವಾರದಲ್ಲಿ ಮುಗಿಯುತ್ತದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ, ಅಳ್ನಾವರ, ಹುಬ್ಬಳ್ಳಿ ಗ್ರಾಮೀಣ ಎಂದು ಎಣಿಸಿದರೆ ತಾಲ್ಲೂಕಿಗೊಂದರಂತೆ ಆರು ತಂಡ ಇಲ್ಲೇ ಆಯಿತು. ಗೆದ್ದರೆ ಮೂರು ಅಂಕ, ಡ್ರಾ ಆದರೆ ಒಂದು. ಮೊದಲ ಪಂದ್ಯದಲ್ಲಿ ಸೋತವರಿಗೆ ಎರಡನೆಯದರಲ್ಲಿ ತಿದ್ದಿಕೊಳ್ಳುವ ಅವಕಾಶ, ಬೆಂಚಿನ ಮೇಲೆ ಕೂತವನಿಗೆ ಒಮ್ಮೆಯಾದರೂ ಕಣಕ್ಕಿಳಿಯುವ ಅವಕಾಶ. ಆಗ ಅದನ್ನು ಹಂಗಾಮು ಎನ್ನಬಹುದು. ಆಗ ಕೂತು ನೋಡುವುದಕ್ಕೆ ಐದು ಪುಟ ಇರುತ್ತವೆ.

ಯಾವ ತಿಂಗಳಲ್ಲಿ? ಬೆಂಗಳೂರಿನ ಅಥವಾ ಟಿವಿಯ ಕ್ಯಾಲೆಂಡರು ನಮಗೆ ಹೊಂದುವುದಿಲ್ಲ. ನಮ್ಮ ಹುಡುಗರ ವರ್ಷವನ್ನು ಹೊಲವೂ ಪರೀಕ್ಷೆಯೂ ಸೇರಿ ನಿರ್ಧರಿಸುತ್ತವೆ. ಮುಂಗಾರಿ ಹೆಸರು ಬಿಡಿಸುವ ಹೊತ್ತಿಗೆ ಮನೆಮಂದಿಯೆಲ್ಲ ಹೊಲದಲ್ಲಿ. ಆಮೇಲೆ ಹಿಂಗಾರಿ ಬಿತ್ತನೆ: ಕಡಲೆ, ಬಿಳಿಜೋಳ, ಕುಸುಬಿ, ಗೋದಿ. ಫೆಬ್ರುವರಿಯಲ್ಲಿ ಕಡಲೆ ಕೀಳಬೇಕು, ಹಿಂದೆಯೇ ಜೋಳದ ಸುಗ್ಗಿ. ಮಾರ್ಚಿನಲ್ಲಿ ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗಳ ಕಾವು. ಈ ಎಲ್ಲದರ ನಡುವೆ ಎರಡು ಕಿಂಡಿಗಳು ಉಳಿಯುತ್ತವೆ. ಒಂದು, ಡಿಸೆಂಬರಿನಿಂದ ಸಂಕ್ರಾಂತಿಯವರೆಗೆ, ಹಿಂಗಾರಿ ಬೆಳೆ ಹೊಲದಲ್ಲಿ ನಿಂತಿರುವಾಗ. ಆಗ ಎರಿ ನೆಲ ಒಣಗಿರುತ್ತದೆ, ಇನ್ನೂ ಪೂರ್ತಿ ಸೀಳಿರುವುದಿಲ್ಲ. ಇನ್ನೊಂದು, ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ. ಆಗ ಎರಿ ಮೈದಾನಗಳು ಕಾಲಿಗೆ ಅಪಾಯ, ಕಲಘಟಗಿ, ಅಳ್ನಾವರದ ಕೆಂಪು ನೆಲವೇ ವಾಸಿ. ಮೊದಲ ಸುತ್ತುಗಳನ್ನು ಎರಿ ಸೀಮೆಯಲ್ಲಿ, ಕೊನೆಯ ಸುತ್ತುಗಳನ್ನು ಮಸಾರಿ ಸೀಮೆಯಲ್ಲಿ ಇಟ್ಟುಕೊಂಡರೆ ಮಣ್ಣಿನ ಭೇದವೇ ಅನುಕೂಲವಾಗುತ್ತದೆ. ಎರಿ ಮೈದಾನ ಇರುವ ಊರಿನವರು ಗೋಲಿನ ಮುಂಭಾಗಕ್ಕಾದರೂ ನಾಲ್ಕು ಟ್ರ್ಯಾಕ್ಟರ್ ಗರಸು ಹಾಕಿ, ನೀರು ಚಿಮುಕಿಸಿ ರೋಲರ್ ಹೊಡೆದರೆ ಅರ್ಧ ಪೆಟ್ಟುಗಳು ತಪ್ಪುತ್ತವೆ.

ಗಡಿಯಾಚೆಯ ತಾಲೀಮುಗಳು

ಇದೆಲ್ಲ ಆಗುವ ಮಾತೇ ಎಂದು ಅನುಮಾನ ಪಡುವವರು ಒಮ್ಮೆ ಕೊಲ್ಹಾಪುರಕ್ಕೆ ಹೋಗಿ ಬರಬೇಕು. ಕುಸ್ತಿಗೆ ಹೆಸರಾದ ಊರು, ಶಾಹೂ ಮಹಾರಾಜರು ಪೈಲವಾನರನ್ನು ಪೋಷಿಸಿದ ಊರು. ಅಲ್ಲಿ ಫುಟ್‌ಬಾಲ್ ಕ್ಲಬ್ಬುಗಳ ಹೆಸರು ಕೇಳಿ: ಪಾಟಾಕಡೀಲ ತಾಲೀಮ್ ಮಂಡಳ, ಖಂಡೋಬಾ ತಾಲೀಮ್ ಮಂಡಳ, ದಿಲಬಹಾರ್ ತಾಲೀಮ್ ಮಂಡಳ, ಬಾಲಗೋಪಾಲ ತಾಲೀಮ್ ಮಂಡಳ. ಕುಸ್ತಿಯ ಗರಡಿಗಳೇ ಫುಟ್‌ಬಾಲ್ ಕ್ಲಬ್ಬುಗಳಾಗಿವೆ. ಓಣಿಗೊಂದು ತಾಲೀಮು, ತಾಲೀಮಿಗೊಂದು ತಂಡ, ತಂಡಕ್ಕೊಂದು ಬಣ್ಣ. ಛತ್ರಪತಿ ಶಾಹೂ ಕ್ರೀಡಾಂಗಣದಲ್ಲಿ ನಡೆಯುವ ಲೀಗ್ ಪಂದ್ಯಗಳಿಗೆ ಊರು ಮುಗಿಬೀಳುತ್ತದೆ. 2017ರಲ್ಲಿ ಭಾರತದಲ್ಲಿ ನಡೆದ ಹದಿನೇಳು ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ದೇಶಕ್ಕಾಗಿ ಆಡಿದ ಅನಿಕೇತ್ ಜಾಧವ್ ಆ ಜಿಲ್ಲೆಯ ಹುಡುಗ.

ಇನ್ನೂ ಹತ್ತಿರದ ಮಾದರಿ ಬೇಕೆಂದರೆ ಗಡಹಿಂಗ್ಲಜ್ ಇದೆ. ಬೆಳಗಾವಿ ಜಿಲ್ಲೆಯ ಸಂಕೇಶ್ವರದ ನೆರೆಯ ಪಟ್ಟಣ. ಎರಡೂ ಹಿರಣ್ಯಕೇಶಿ ದಂಡೆಯವೇ. ಸುತ್ತಲ ಹಳ್ಳಿಗಳಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ನಮ್ಮ ತಾಲ್ಲೂಕು ಕೇಂದ್ರಗಳಂಥದ್ದೇ ಆದ ಆ ಪಟ್ಟಣ ಫುಟ್‌ಬಾಲಿಗೆ ಹೆಸರು ಮಾಡಿದೆ. ಅದೇ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ಅಂಜು ತುರಂಬೇಕರ್ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನಲ್ಲಿ ತಳಮಟ್ಟದ ಫುಟ್‌ಬಾಲ್ ಬೆಳೆಸುವ ವಿಭಾಗದ ಹೊಣೆ ಹೊತ್ತರು.

ಕೊಲ್ಹಾಪುರದವರ ರಕ್ತದಲ್ಲಿ ಫುಟ್‌ಬಾಲ್ ಇದೆ, ನಮ್ಮದರಲ್ಲಿ ಇಲ್ಲ ಎಂಬುದು ಪೊಳ್ಳು ಮಾತು. ಅಲ್ಲಿ ಆಟಕ್ಕೊಂದು ಮನೆ ಸಿಕ್ಕಿತು, ಅಷ್ಟೇ. ತಾಲೀಮು ವರ್ಷವಿಡೀ ತೆರೆದಿರುತ್ತದೆ. ಅದಕ್ಕೊಬ್ಬ ಹಿರಿಯ, ಒಂದು ಕೀಲಿಕೈ, ಒಂದು ಶಿಸ್ತು ಇರುತ್ತದೆ. ಆಟಗಾರ ಸೋತು ಬಂದರೂ ಮರುದಿನ ಬೆಳಗ್ಗೆ ಹೋಗಿ ನಿಲ್ಲಲು ಒಂದು ಜಾಗವಿರುತ್ತದೆ.

ಅಂಥ ಮನೆ ನಮ್ಮಲ್ಲಿ ಇಲ್ಲವೆ? ನಮ್ಮ ಎಷ್ಟೋ ಊರುಗಳಲ್ಲಿ ಗರಡಿಮನೆ ಇದೆ. ಅದರ ಮಣ್ಣನ್ನು ಹಿರಿಯರು ಹೇಗೆ ಕಾಪಾಡುತ್ತಿದ್ದರೆಂಬುದನ್ನು ನೆನಪು ಮಾಡಿಕೊಳ್ಳಬೇಕು. ಕೆಂಪು ಮಣ್ಣು ತಂದು ಜರಡಿ ಹಿಡಿದು, ಹರಳು ಆರಿಸಿ, ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡುತ್ತಿದ್ದರು. ಕಣಕ್ಕಿಳಿಯುವ ಮುನ್ನ ಹಣಮಪ್ಪನಿಗೆ ಕೈಮುಗಿದು, ಸಲಿಕೆಯಿಂದ ಮಣ್ಣು ಅಗೆದು ಸಡಿಲ ಮಾಡುವುದು ಕಿರಿಯ ಪೈಲವಾನರ ಪಾಲಿನ ಕೆಲಸ. ಬಿದ್ದವನ ಮೈಗೆ ಪೆಟ್ಟಾಗಬಾರದೆಂಬ ಕಾಳಜಿಯಿಂದ ಹುಟ್ಟಿದ ಪದ್ಧತಿ ಅದು. ಆಟದ ನೆಲವನ್ನು ಆಡುವವರೇ ನೋಡಿಕೊಳ್ಳಬೇಕೆಂಬ ನಿಯಮ ಇಲ್ಲಿಗೆ ಹೊಸದಲ್ಲ. ಇಂದು ಎಷ್ಟೋ ಗರಡಿಮನೆಗಳ ಬಾಗಿಲು ಮುಚ್ಚಿದೆ. ಫುಟ್‌ಬಾಲಿನ ಹುಡುಗರು ಹಿರಿಯರ ಅಪ್ಪಣೆ ಪಡೆದು ಅದನ್ನು ತೆರೆದರೆ ಬೆಳಗಿನ ಸಾಮು, ಬಸ್ಕಿ ಮುಂದುವರಿಯುತ್ತವೆ, ಚೆಂಡು, ಬಲೆ, ಕೋಲು ಇಡಲು ಒಂದು ಮೂಲೆಯೂ ಸಿಗುತ್ತದೆ.

ಸಂಘಟನೆಯಂತೂ ಈ ಸೀಮೆಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ 1905ರಲ್ಲಿ ಹುಟ್ಟಿದ್ದು ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಆ ಊರು ಈಗ ಗದಗ ಜಿಲ್ಲೆಯಲ್ಲಿದೆ. 1997ರವರೆಗೆ ಅದು ಧಾರವಾಡ ಜಿಲ್ಲೆಯೇ. 1980ರ ಜುಲೈ 21ರಂದು ನವಲಗುಂದ, ನರಗುಂದದ ರೈತರು ಎದ್ದು ನಿಂತ ದಿನವನ್ನು ಇಂದಿಗೂ ಪ್ರತಿ ವರ್ಷ ಹುತಾತ್ಮ ದಿನವಾಗಿ ಆಚರಿಸುತ್ತೇವೆ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವ ನಾಡಗೀರ ವಾಡೆಯಲ್ಲಿ ತಲೆಮಾರು ದಾಟಿ ನಡೆದು ಬಂದಿದೆ. ಲೆಕ್ಕವಿಡುವುದು, ನೆನಪಿಡುವುದು, ವರ್ಷಕ್ಕೊಮ್ಮೆ ತಪ್ಪದೆ ಕೂಡುವುದು, ಮೂರೂ ನಮಗೆ ಗೊತ್ತು. ಆಟಕ್ಕೆ ಮಾತ್ರ ಅದನ್ನು ಬಳಸಿಲ್ಲ.

ಪುಸ್ತಕದ ಬೆಲೆ

ಇಂಗ್ಲೆಂಡಿನ ಶೆಫೀಲ್ಡ್ ಫುಟ್‌ಬಾಲ್ ಕ್ಲಬ್ ಹುಟ್ಟಿದ್ದು 1857ರಲ್ಲಿ. ಇಂದಿಗೂ ಉಳಿದಿರುವ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಅದೇ ಜಗತ್ತಿನಲ್ಲಿ ಹಳೆಯದು. ಆಟ ಬಲ್ಲ ಕೆಲವು ಗೆಳೆಯರು ಕೂಡಿ ನಿಯಮ ಬರೆದುಕೊಂಡರು, ಸಭೆಯಲ್ಲಿ ಏನಾಯಿತೆಂದು ಬರೆದಿಟ್ಟರು. ಆ ಕೈಬರಹದ ನಿಯಮಗಳೂ ನಡಾವಳಿ ಪುಸ್ತಕಗಳೂ 2011ರಲ್ಲಿ ಲಂಡನ್ನಿನ ಹರಾಜಿನಲ್ಲಿ 8,81,250 ಪೌಂಡಿಗೆ ಹೋದವು. ಆ ಕ್ಲಬ್ಬು ಇಂದಿಗೂ ಕೆಳ ದರ್ಜೆಯ ಲೀಗಿನಲ್ಲಿ ಆಡುವ ಸಣ್ಣ ಕ್ಲಬ್ಬು. ದೊಡ್ಡ ಕಪ್ಪುಗಳಿಗಿಂತ ಅದನ್ನು ಜಗತ್ತು ನೆನೆಯುವುದು ಅದು ಬರೆದಿಟ್ಟದ್ದಕ್ಕಾಗಿ.

ನಮ್ಮ ಕ್ಲಬ್ಬಿನ ಪುಸ್ತಕಕ್ಕೆ ನೂರು ಪುಟದ ಒಂದು ನೋಟ್‌ಬುಕ್ ಸಾಕು. ಪ್ರತಿ ಪಂದ್ಯಕ್ಕೆ ಒಂದು ಪುಟ. ಮೇಲೆ ದಿನಾಂಕ, ಊರು, ಎದುರಾಳಿ. ಕೆಳಗೆ ಆಡಿದವರ ಹೆಸರು, ಬದಲಿಯಾಗಿ ಬಂದವರ ಹೆಸರು. ಗೋಲು ಆದದ್ದು ಎಷ್ಟನೆಯ ನಿಮಿಷದಲ್ಲಿ, ಹೊಡೆದವರು ಯಾರು, ನಾವು ಬಿಟ್ಟುಕೊಟ್ಟ ಗೋಲು ಯಾವ ಬದಿಯಿಂದ ಬಂತು. ಯಾರಿಗೆ ಪೆಟ್ಟಾಯಿತು, ಯಾವ ಕಾಲಿಗೆ. ಕಡೆಗೆ ಆ ದಿನದ ಖರ್ಚು. ಇಷ್ಟನ್ನು ಬರೆಯಲು ಹತ್ತು ನಿಮಿಷ ಬೇಕಿಲ್ಲ, ಬಸ್ಸು ಬರುವುದರೊಳಗೆ ಮುಗಿಯುತ್ತದೆ.

ಹಂಗಾಮಿನ ಕೊನೆಗೆ ಆ ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಆಟ ಮಾತಾಡತೊಡಗುತ್ತದೆ. ಬಿಟ್ಟುಕೊಟ್ಟ ಗೋಲುಗಳೆಲ್ಲ ಕೊನೆಯ ಹದಿನೈದು ನಿಮಿಷದಲ್ಲೇ ಬಂದಿದ್ದರೆ ಅದು ದಮ್ಮಿನ ಸಮಸ್ಯೆ; ಓಡುವ ಅಭ್ಯಾಸ ಹೆಚ್ಚಬೇಕು, ಬದಲಿ ಆಟಗಾರರನ್ನು ಮೊದಲೇ ಇಳಿಸಬೇಕು. ಎಲ್ಲ ಒಂದೇ ಬದಿಯಿಂದ ಬಂದಿದ್ದರೆ ಆ ಬದಿಯ ಡಿಫೆಂಡರಿಗೆ ಜೊತೆ ಬೇಕು. ಐದೂ ಪಂದ್ಯದಲ್ಲಿ ಅದೇ ಹನ್ನೊಂದು ಹೆಸರಿದ್ದರೆ ಉಳಿದ ಹುಡುಗರು ಮುಂದಿನ ವರ್ಷ ಬರುವುದಿಲ್ಲವೆಂದು ಈಗಲೇ ತಿಳಿಯಬೇಕು. ಗೋಲೇ ಆಗದಿದ್ದರೆ, ಹೊಡೆದ ಹೊಡೆತಗಳಲ್ಲಿ ಎಷ್ಟು ಗೋಲಿನ ಚೌಕಟ್ಟಿನೊಳಗೆ ಹೋದವು ಎಂದು ಕೇಳಿಕೊಳ್ಳಬೇಕು. ಆ ಚೌಕಟ್ಟು 7.32 ಮೀಟರ್ ಅಗಲ, 2.44 ಮೀಟರ್ ಎತ್ತರವಿರುತ್ತದೆ; ನಮ್ಮ ಅಭ್ಯಾಸದ ಮೈದಾನದಲ್ಲಿ ಎರಡು ಕಲ್ಲಿಟ್ಟು ಆಡುವವರಿಗೆ ಎತ್ತರದ ಅಂದಾಜೇ ಸಿಗುವುದಿಲ್ಲ. ಎರಡು ಬಿದಿರಿನ ಗಳ ನೆಟ್ಟು ಮೇಲೊಂದು ಹಗ್ಗ ಬಿಗಿದರೆ ಆ ಕೊರತೆ ನೀಗುತ್ತದೆ. ಬರೆದಿಟ್ಟ ತಂಡಕ್ಕೆ ಇಂಥ ತಿದ್ದುಪಡಿ ಹೊಳೆಯುತ್ತದೆ. ಬರೆಯದ ತಂಡಕ್ಕೆ ಉಳಿಯುವುದು ರೆಫ್ರಿಯನ್ನು ಬೈಯುವ ಕೆಲಸ ಮಾತ್ರ.

ದುಡ್ಡಿನ ಪುಟವಂತೂ ಇನ್ನೂ ಮುಖ್ಯ. ಹಳ್ಳಿ ತಂಡಗಳು ಒಡೆಯುವುದು ಆಟದ ಜಗಳದಿಂದಲ್ಲ, ಪಟ್ಟಿ ಎತ್ತಿದ ರೊಕ್ಕದ ಅನುಮಾನದಿಂದ. ಗ್ರಾಮ ಪಂಚಾಯಿತಿ ಸದಸ್ಯರು ಎಷ್ಟು ಕೊಟ್ಟರು, ಕಿರಾಣಿ ಅಂಗಡಿಯವರು ಎಷ್ಟು ಕೊಟ್ಟರು, ಟೆಂಪೋಕ್ಕೆ, ಚಹಾ ಚುರುಮುರಿಗೆ, ಜರ್ಸಿಗೆ ಎಷ್ಟು ಹೋಯಿತು ಎಂಬುದನ್ನು ಒಂದು ಹಾಳೆಯ ಮೇಲೆ ಬರೆದು ಗುಡಿಯ ಕಟ್ಟೆಯ ಹತ್ತಿರ ಅಂಟಿಸಿದರೆ ಮುಂದಿನ ವರ್ಷ ಕೊಡುವ ಕೈ ಹಿಂಜರಿಯುವುದಿಲ್ಲ. ಸುಗ್ಗಿ ಮುಗಿದ ಮೇಲೆ ಬೀಜ, ಗೊಬ್ಬರ, ಆಳು ಎಂದು ಕೂತು ಕೂಡಿ ಕಳೆಯುವ ರೈತ ತನ್ನ ಮಗನ ತಂಡವೂ ಹಾಗೆ ಲೆಕ್ಕ ಒಪ್ಪಿಸುವುದನ್ನು ಕಂಡರೆ "ಚೆಂಡಿನ ಹಿಂದ ಓಡಿ ಏನ್ ಗಳಸ್ತೀಯೋ ತಮ್ಮಾ" ಎನ್ನುವುದನ್ನು ಬಿಡುತ್ತಾನೆ.

ಮೇಲಕ್ಕೆ ಹೋಗುವ ಮೆಟ್ಟಿಲು

ಕರ್ನಾಟಕದ ಫುಟ್‌ಬಾಲಿಗೆ ದೊಡ್ಡ ಚರಿತ್ರೆ ಇದೆ. ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್, ವರ್ಷ 1937. ಮರುವರ್ಷವೂ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಆಟಗಾರರಲ್ಲಿ ಹಲವರು ಬರಿಗಾಲಲ್ಲಿ ಆಡಿ ಫ್ರಾನ್ಸ್ ಎದುರು 2-1ರಿಂದ ಸೋತರು. ಆ ಒಂದು ಗೋಲು, ಒಲಿಂಪಿಕ್ಸ್‌ನಲ್ಲಿ ದೇಶದ ಮೊದಲ ಗೋಲು, ಬೆಂಗಳೂರಿನ ಎಸ್. ರಾಮನ್ ಅವರದು. ಮೈಸೂರು ರಾಜ್ಯದ ಹೆಸರಿನಲ್ಲಿ ನಾಲ್ಕು ಬಾರಿ ಸಂತೋಷ್ ಟ್ರೋಫಿ ಬಂತು. ಅದರಲ್ಲಿ ಕೊನೆಯದು 1968-69ರಲ್ಲಿ. ಆಮೇಲೆ ಐದು ದಶಕಕ್ಕೂ ಮೀರಿದ ಕಾಯುವಿಕೆ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಆ ಟ್ರೋಫಿ ಎತ್ತಿತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೂರೇ ವರ್ಷದಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು.

ಈ ಹೆಮ್ಮೆಯ ಪಟ್ಟಿಯಲ್ಲಿ ಬೆಂಗಳೂರೇ ಮತ್ತೆ ಮತ್ತೆ ಬರುವುದಕ್ಕೆ ಕಾರಣವಿದೆ. ಅಲ್ಲಿ ಗೌತಮಪುರದಂಥ ಬಡಾವಣೆಗಳಲ್ಲಿ ಓಣಿಯ ಕ್ಲಬ್ಬು, ಅದರ ಮೇಲೆ ಜಿಲ್ಲಾ ಲೀಗಿನ ಸಿ, ಬಿ, ಎ ಡಿವಿಷನ್, ಅದರ ಮೇಲೆ ಸೂಪರ್ ಡಿವಿಷನ್ ಎಂದು ಮೆಟ್ಟಿಲುಗಳಿವೆ. ಹುಡುಗ ಒಂದೊಂದಾಗಿ ಹತ್ತಬಹುದು. ರಾಜ್ಯ ತಂಡ ಬಹುಮಟ್ಟಿಗೆ ಆ ಮೆಟ್ಟಿಲುಗಳಿಂದಲೇ ಆಯ್ಕೆಯಾಗುತ್ತದೆ. ಅಣ್ಣಿಗೇರಿಯ ಹುಡುಗನಿಗೆ ಮೊದಲ ಮೆಟ್ಟಿಲೇ ಊರಿನಲ್ಲಿಲ್ಲ.

ಮೆಟ್ಟಿಲಿಲ್ಲದಿದ್ದರೂ ಹತ್ತಿದವರು ಇದ್ದಾರೆ, ನಿಜ. ಗದಗಿನ ಸುನಿಲ್ ಜೋಶಿ ಬಾಲ್ಯದಲ್ಲಿ ಬೆಳಗ್ಗೆ ಹುಬ್ಬಳ್ಳಿಗೆ ಬಂದು ಕ್ರಿಕೆಟ್ ಅಭ್ಯಾಸ ಮಾಡಿ, ಮತ್ತೆ ಗದಗಿಗೆ ಮರಳಿ ಶಾಲೆ ಸೇರುತ್ತಿದ್ದರು. ಮುಂದೆ ಭಾರತಕ್ಕೆ ಟೆಸ್ಟ್ ಆಡಿದರು. ಆ ದಾರಿಯಲ್ಲೇ ಅಣ್ಣಿಗೇರಿ ಇರುವುದು. ಆ ಛಲಕ್ಕೆ ತಲೆಬಾಗುತ್ತೇನೆ. ಆದರೆ ಅಂಥ ಛಲ ಲಕ್ಷಕ್ಕೊಬ್ಬರಿಗೆ ಇರುತ್ತದೆ, ಅದನ್ನು ನಂಬಿ ಒಂದು ಜಿಲ್ಲೆಯ ಆಟವನ್ನು ಕಟ್ಟಲಾಗದು. ಅಣ್ಣಿಗೇರಿ, ಕುಂದಗೋಳಕ್ಕೆ ರೈಲಾದರೂ ಇದೆ. ನವಲಗುಂದ, ಕಲಘಟಗಿಯ ಹುಡುಗರಿಗೆ ಬಸ್ಸೇ ಗತಿ, ಸಂಜೆಯ ಬಸ್ಸು ತಪ್ಪಿದರೆ ಅಭ್ಯಾಸವೂ ತಪ್ಪುತ್ತದೆ. ಆಟವೇ ತಾಲ್ಲೂಕಿಗೆ ಬರಬೇಕು.

ಹುಡುಗಿಯರ ವಿಷಯದಲ್ಲಿ ಇದು ಇನ್ನೂ ದಿಟ. ಶಾಲೆಯ ವಲಯ, ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಖೋಖೋ, ಕಬಡ್ಡಿ, ಥ್ರೋಬಾಲ್ ಆಡಿ ಬಹುಮಾನ ತಂದ ಹುಡುಗಿ ಹತ್ತನೆಯ ತರಗತಿ ದಾಟಿದ ಕೂಡಲೇ ಮೈದಾನದಿಂದ ಮಾಯವಾಗುತ್ತಾಳೆ. ಓಟ, ತಿರುವು, ಕಣ್ಣಳತೆ ಎಲ್ಲ ಅವಳಲ್ಲಿರುತ್ತದೆ, ಆಡಲು ಜಾಗ ಇರುವುದಿಲ್ಲ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ಮಹಿಳಾ ತಂಡ 2022-23ರ ಭಾರತೀಯ ಮಹಿಳಾ ಲೀಗ್‌ನಲ್ಲಿ ಫೈನಲ್‌ವರೆಗೆ ಹೋಯಿತು. ಅಂಥ ಕ್ಲಬ್ಬುಗಳಿಗೆ ನಮ್ಮ ಹುಡುಗಿಯರು ತಲುಪಬೇಕಾದರೆ ಊರಿನ ಮೈದಾನದಲ್ಲಿ ವಾರಕ್ಕೆ ಮೂರು ಬೆಳಗಾದರೂ ಅವರ ಹೆಸರಿಗೆ ಬರೆದಿರಬೇಕು. ಹಂಗಾಮಿನ ಹಿನ್ನೋಟದಲ್ಲಿ "ಈ ವರ್ಷ ಎಷ್ಟು ಹುಡುಗಿಯರು ಆಡಿದರು" ಎಂಬುದೂ ಒಂದು ಪ್ರಶ್ನೆಯಾಗಿರಲಿ. ಉತ್ತರ ಸೊನ್ನೆಯಾದರೆ ಅದನ್ನೂ ಬರೆಯಬೇಕು.

ಬಿತ್ತನೆಗೆ ಮುನ್ನ

ಫುಟ್‌ಬಾಲ್ ನಿಯಮದಲ್ಲಿ ಒಂದು ಮಾತಿದೆ. ತಂಡದಲ್ಲಿ ಹನ್ನೊಂದು ಮಂದಿ ಇರಬೇಕು ನಿಜ, ಆದರೆ ಏಳು ಮಂದಿ ಇದ್ದರೂ ಪಂದ್ಯ ಶುರು ಮಾಡಬಹುದು. ಏಳಕ್ಕಿಂತ ಕಡಿಮೆಯಾದರೆ ಮಾತ್ರ ಆಡುವಂತಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960 ಕೂಡ ಅದೇ ಸಂಖ್ಯೆಯನ್ನು ಹೇಳುತ್ತದೆ: ಸಂಘವೊಂದನ್ನು ಕಟ್ಟಲು ಕನಿಷ್ಠ ಏಳು ಮಂದಿ ಬೇಕು. ನೋಂದಾಯಿಸಿದ ಮೇಲೆ ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ನಡೆಸಬೇಕು, ಲೆಕ್ಕಪತ್ರ ಸಲ್ಲಿಸಬೇಕು. ಇದನ್ನು ಕಾಗದದ ಕಿರಿಕಿರಿ ಎಂದು ದೂರ ಇಡುವವರು ಒಂದನ್ನು ಗಮನಿಸಬೇಕು. ಹಿಂದಿರುಗಿ ನೋಡುವ ಶಿಸ್ತನ್ನು ಕಾನೂನು ತಾನಾಗಿ ನಮ್ಮ ಮೇಲೆ ಹೇರುತ್ತದೆ. ಜೊತೆಗೆ ನೋಂದಾಯಿತ ಸಂಘಕ್ಕೆ ಬ್ಯಾಂಕ್ ಖಾತೆ ತೆರೆಯಬಹುದು, ಪಂಚಾಯಿತಿಗೆ ಮೈದಾನ ಕೇಳಿ ಲಿಖಿತ ಅರ್ಜಿ ಕೊಡಬಹುದು, ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ ಬಾಗಿಲು ಬಡಿಯಬಹುದು. ಎಂಟು ದಿನಕ್ಕೆ ಕೂಡಿದ ತಂಡಕ್ಕೆ ಈ ಯಾವ ಮಾತೂ ಆಡಲು ಬಾಯಿ ಇರುವುದಿಲ್ಲ.

ಆದ್ದರಿಂದ ಈ ವರ್ಷ ಆಡಿದ ಎಲ್ಲ ಊರುಗಳ ಹುಡುಗ ಹುಡುಗಿಯರಲ್ಲಿ ನನ್ನ ಕೋರಿಕೆ ಇಷ್ಟು. ಕೂರಿಗೆ ಹೂಡುವ ಮುನ್ನ ಒಂದು ಸಂಜೆ ಗರಡಿಮನೆಯಲ್ಲೋ ಶಾಲೆಯ ಪಡಸಾಲೆಯಲ್ಲೋ ಕೂಡಿ. ಊರಿನ ಹಿರಿಯರೊಬ್ಬರನ್ನೂ ಶಾಲೆಯ ದೈಹಿಕ ಶಿಕ್ಷಕರನ್ನೂ ಕರೆಯಿರಿ. ಆಡಿದ ಪಂದ್ಯಗಳನ್ನು ನೆನಪಿದ್ದಷ್ಟು ಬರೆಯಿರಿ. ಪೆಟ್ಟಾದವರ ಹೆಸರು ಬರೆದು, ಅವರನ್ನು ವೈದ್ಯರಿಗೆ ತೋರಿಸುವ ಹೊಣೆಯನ್ನು ಒಬ್ಬರಿಗೆ ವಹಿಸಿ. ರೊಕ್ಕದ ಲೆಕ್ಕ ಓದಿ ಹೇಳಿ. ಚೆಂಡು, ಬಲೆ ಯಾರ ಹತ್ತಿರ ಇರುತ್ತವೆಂದು ಬರೆದು ಸಹಿ ಮಾಡಿಸಿ. ಕಡೆಗೆ, ಡಿಸೆಂಬರಿನ ಮೊದಲ ಭಾನುವಾರ ಎಲ್ಲಿ, ಎಷ್ಟು ಹೊತ್ತಿಗೆ ಸೇರುವುದೆಂದು ಗೊತ್ತು ಮಾಡಿ, ನೆರೆಯ ಐದು ತಾಲ್ಲೂಕಿನ ಗೆಳೆಯರಿಗೆ ಫೋನ್ ಮಾಡಿ ತಿಳಿಸಿ.

ಇಪ್ಪತ್ತು ಮಂದಿ ಆಡಿದ್ದರೂ ಆ ಸಂಜೆ ಎಲ್ಲರೂ ಬರಲಿಕ್ಕಿಲ್ಲ. ಏಳು ಮಂದಿ ಬಂದರೆ ಸಭೆ ನಡೆಸಿಬಿಡಿ. ಆ ಏಳು ಮಂದಿ ವರ್ಷವಿಡೀ ಜೊತೆಗಿದ್ದರೆ ನಿಮ್ಮ ಊರಿಗೆ ಒಂದು ಕ್ಲಬ್ಬು ಸಿಕ್ಕಿತೆಂದೇ ತಿಳಿಯಿರಿ.